ಗೋಪ್ಯ ಕಾಪಾಡಲು ಆಕ್ಷೇಪಣೆಗಳ ಆಹ್ವಾನ

ತುಮಕೂರು ಜಿಲ್ಲಾ ಚುಕ್ಕಿ ರಂಗೋಲಿ ಹವ್ಯಾಸಿಗಳ ಸಂಘದ ವೆಬ್‌ಸೈಟಿನಲ್ಲಿ ಸದಸ್ಯರ ಖಾಸಗಿತನಕ್ಕೆ ಈವರೆಗೆ ಯಾವ ಧಕ್ಕೆಯೂ ಆಗಿಲ್ಲ. ಗುಬ್ಬಿಯ ಕೌಸಲ್ಯಮ್ಮನವರ ಗುಟ್ಟು ಮೂರು ತಾಲ್ಲೂಕಿಗೂ ಗೊತ್ತಾದದ್ದು ಸಂಪೂರ್ಣ ನಿಯಮಾನುಸಾರವಾಗಿ.

ಕೌಸಲ್ಯಮ್ಮನವರು ನಿವೃತ್ತ ಮುಖ್ಯೋಪಾಧ್ಯಾಯಿನಿ, ಸಂಘದ ಅಧ್ಯಕ್ಷೆ. ವಾರ್ಷಿಕ ಸ್ಪರ್ಧೆಯಲ್ಲಿ ಸತತ ಮೂರು ವರ್ಷ ಮೊದಲ ಬಹುಮಾನ ಅವರಿಗೇ. ಪ್ರತಿ ಸಲವೂ ಮೈಕ್ ಹಿಡಿದು, "ನಾನು ಯಾರದ್ದೂ ನೋಡಿ ಹಾಕೋಳಲ್ಲ. ಚುಕ್ಕಿ ಇಟ್ಟ ಮೇಲೆ ಕೈ ತಾನಾಗೇ ಹೋಗುತ್ತೆ" ಅನ್ನುತ್ತಿದ್ದರು. ಕೈ ಹೋಗುವ ಮೊದಲು ಕಣ್ಣು ಎಲ್ಲಿಗೆ ಹೋಗಿತ್ತು ಎಂದು ಕೇಳುವ ಪದ್ಧತಿ ಸಂಘದಲ್ಲಿ ಇರಲಿಲ್ಲ.

ಕಳೆದ ಆಷಾಢದಲ್ಲಿ ಸೈಟ್ ತೆರೆದ ಕೂಡಲೇ ಒಂದು ಸೂಚನೆ ಕಾಣಿಸತೊಡಗಿತು: "ಈ ತಾಣವು ಕುಕೀಗಳನ್ನು ಬಳಸುತ್ತದೆ. ಒಪ್ಪುವಿರಾ?" ಸದಸ್ಯೆಯರು ಗಾಬರಿಯಾದರು. ತುರ್ತು ಸಭೆ ಸೇರಿತು. ಸೈಟ್ ನೋಡಿಕೊಳ್ಳುವ ಭೂಮಿಕಾ ಕ್ಯಾತ್ಸಂದ್ರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಪಾಠ ಮಾಡುವವಳು. ಅವಳು ಎದ್ದು ನಿಂತು ವಿವರಿಸಿದಳು.

"ಕುಕೀ ಅಂದ್ರೆ ಒಂದು ಗುರುತು ಅಷ್ಟೆ. ಯಾರು ಯಾವ ರಂಗೋಲಿ ಎಷ್ಟು ಸಲ ನೋಡಿದ್ರು ಅಂತ ನೆನಪಿಟ್ಕೊಳುತ್ತೆ. ಬೇಡ ಅಂದ್ರೆ 'ಒಪ್ಪಲ್ಲ' ಅಂತ ಒತ್ತಿ, ಹಳೇದೂ ಅಳಿಸಿಹೋಗುತ್ತೆ."

ಕೌಸಲ್ಯಮ್ಮನವರ ಕೈಲಿದ್ದ ಬಿಸ್ಕತ್ತು ಟೀ ಒಳಗೆ ಬಿತ್ತು.

"ಎಷ್ಟು ಸಲ ಅಂತಾನೂ?"

"ಎಷ್ಟು ಸಲ ಅಂತಾನೂ, ಮೇಡಂ."

ಬರೀ ಬಟನ್ ಒತ್ತಿದರೆ ಗುಟ್ಟು ಉಳಿಯುತ್ತದೆ ಎಂಬುದನ್ನು ಕಾರ್ಯದರ್ಶಿ ಅನಂತರಾಮಯ್ಯನವರು ಒಪ್ಪಲಿಲ್ಲ. ಅವರು ಯಾವುದೋ ಕಚೇರಿಯಲ್ಲಿ ಮೂವತ್ತೆರಡು ವರ್ಷ ಗುಮಾಸ್ತರಾಗಿದ್ದು ಸೂಪರಿಂಟೆಂಡೆಂಟ್ ಆಗಿ ನಿವೃತ್ತರಾದವರು. ರಂಗೋಲಿ ಬಾರದಿದ್ದರೂ ಪತ್ರವ್ಯವಹಾರ ಬರುತ್ತದೆಂದು ಅವರನ್ನು ಸಂಘಕ್ಕೆ ಸೇರಿಸಿಕೊಳ್ಳಲಾಗಿತ್ತು.

"ನಿನ್ನ ಬಟನ್ನಿಗೆ ಇನ್ವರ್ಡ್ ನಂಬರ್ ಇದೆಯೇನಮ್ಮಾ? ನಾಳೆ ಯಾರಾದ್ರೂ ಬಂದು ಕೇಳಿದ್ರೆ ಏನು ತೋರಿಸ್ತೀಯಾ?"

ಭೂಮಿಕಾಳ ಹತ್ತಿರ ಇನ್ವರ್ಡ್ ನಂಬರ್ ಇರಲಿಲ್ಲ. ಹೀಗಾಗಿ ಅಂದೇ 'ಖಾಸಗಿತನ ಸಂರಕ್ಷಣಾ ನಿಯಮಾವಳಿ' ಅಂಗೀಕಾರವಾಯಿತು. ನಿಯಮ ನಾಲ್ಕರಂತೆ, ತಮ್ಮ ವಿವರ ಗೋಪ್ಯವಾಗಿರಬೇಕೆಂದು ಬಯಸುವ ಸದಸ್ಯರು ಸದರಿ ವಿವರವನ್ನು ಸ್ಪಷ್ಟ ಅಕ್ಷರಗಳಲ್ಲಿ ಬರೆದು, ಇಬ್ಬರು ಸಾಕ್ಷಿಗಳ ಸಹಿಯೊಂದಿಗೆ ಮೂರು ಪ್ರತಿಗಳಲ್ಲಿ ಸಲ್ಲಿಸತಕ್ಕದ್ದು. ನಿಯಮ ಏಳನ್ನು ಯಾರೂ ಓದಲಿಲ್ಲ. ಅಷ್ಟರಲ್ಲಿ ಉಪ್ಪಿಟ್ಟು ಬಂದಿತ್ತು.

ಮೂವತ್ತು ವರ್ಷ ಮಕ್ಕಳ ಅರ್ಜಿಗಳನ್ನು 'ಅಪೂರ್ಣ' ಎಂದು ವಾಪಸು ಕಳಿಸಿದ್ದ ಕೌಸಲ್ಯಮ್ಮನವರಿಗೆ ಫಾರಂನಲ್ಲಿ ಖಾಲಿ ಜಾಗ ಬಿಡುವುದಾಗಲೀ ಸುಳ್ಳು ಬರೆಯುವುದಾಗಲೀ ಸಾಧ್ಯವಾಗಲಿಲ್ಲ. ಅವರು ಮುತ್ತಿನಂಥ ಅಕ್ಷರದಲ್ಲಿ ಬರೆದರು: "ಅಮೃತೂರಿನ ಶ್ರೀಮತಿ ಚಿಕ್ಕಮಾರಮ್ಮನವರ ಹತ್ತೊಂಬತ್ತು ಚುಕ್ಕಿಯ ನವಿಲನ್ನು ಅರವತ್ತಮೂರು ಬಾರಿ ನೋಡಿರುತ್ತೇನೆ. ಇದು ಯಾರಿಗೂ ತಿಳಿಯಬಾರದು." ಲಕೋಟೆಗೆ ತಾವೇ ಗೋಂದು ಹಚ್ಚಿದರು.

ನಿಯಮ ಏಳು ಹೀಗಿತ್ತು: ಗೋಪ್ಯ ಕಾಪಾಡುವ ಮುನ್ನ ಸಾರ್ವಜನಿಕರಿಂದ ಆಕ್ಷೇಪಣೆ ಆಹ್ವಾನಿಸತಕ್ಕದ್ದು.

ಮುಂದಿನ ಸೋಮವಾರ ತುಮಕೂರು, ಗುಬ್ಬಿ, ಕುಣಿಗಲ್ ಬಸ್ ನಿಲ್ದಾಣಗಳ ಗೋಡೆಯ ಮೇಲೆ ಪ್ರಕಟಣೆ ಅಂಟಿತ್ತು. ಕೌಸಲ್ಯಮ್ಮನವರು ಅನಂತರಾಮಯ್ಯನವರಿಗೆ ಫೋನ್ ಮಾಡಿದರು.

"ಇದು ಗುಟ್ಟು ಅಂತ ಬರೆದಿದ್ನಲ್ರೀ!"

"ಅದಕ್ಕೇ ಮೇಡಂ, ಮೇಲ್ಗಡೆ 'ಗೋಪ್ಯ' ಅಂತ ದಪ್ಪಕ್ಷರದಲ್ಲಿ ಹಾಕ್ಸಿದೀನಿ. ದೂರಕ್ಕೂ ಕಾಣುತ್ತೆ."

ನಾಲ್ಕು ದಿನ ಅವರ ಮನೆಯ ಮುಂದೆ ರಂಗೋಲಿ ಬೀಳಲಿಲ್ಲ. ಐದನೇ ದಿನ ಸೊಪ್ಪು ತರಲು ಹೋದಾಗ ಸೊಪ್ಪಿನ ಅಡವಿಯಪ್ಪ ತಾನಾಗಿಯೇ ಧೈರ್ಯ ಹೇಳಿದ: "ಯೋಚ್ನೆ ಮಾಡ್ಬ್ಯಾಡಿ ಮೇಡಂ. ಗೋಪ್ಯ ಅಂತ ಇತ್ತು, ನಾನು ಓದ್ಲೇ ಇಲ್ಲ. ಅರವತ್ಮೂರು ಏನು ಜಾಸ್ತಿ ಅಲ್ಲ ಬುಡಿ." ಅವರು ಸೊಪ್ಪು ಬಿಟ್ಟು ಮನೆಗೆ ಬಂದು, ಅಧ್ಯಕ್ಷ ಸ್ಥಾನದ ರಾಜೀನಾಮೆ ಬರೆದು ಪರ್ಸಿನಲ್ಲಿಟ್ಟುಕೊಂಡರು.

ಆಕ್ಷೇಪಣೆಯ ವಿಚಾರಣೆಗೆ ಬಂದದ್ದು ಒಬ್ಬರೇ. ಅಮೃತೂರಿನಿಂದ ಎರಡು ಬಸ್ ಬದಲಿಸಿಕೊಂಡು ಬಂದ ಚಿಕ್ಕಮಾರಮ್ಮ. ಕೌಸಲ್ಯಮ್ಮನವರು ತಲೆ ಎತ್ತಲಿಲ್ಲ.

"ಆಕ್ಷೇಪಣೆ ಇದೆಯೇನಮ್ಮಾ?" ಅನಂತರಾಮಯ್ಯನವರು ಕನ್ನಡಕ ಏರಿಸಿದರು.

"ಐತೆ ಸ್ವಾಮಿ. ಅರವತ್ಮೂರು ಸಲ ನೋಡವ್ರಂತೆ. ಆದ್ರೂ ಮೂರು ವರ್ಷದಿಂದ ನವಿಲಿನ ಕಾಲು ಉಲ್ಟಾ ಹಾಕ್ತಾವ್ರೆ. ನನ್ನದು ನೋಡಿ ಹಾಕಿದ್ದು ಅಂತ ಗೊತ್ತಾದ್ರೆ ನಮ್ಮೂರಲ್ಲಿ ನನ್ನ ಮಾನ ಏನಾಗ್ಬೇಕು? ಗುಟ್ಟಾಗೇ ಇಟ್ಬುಡಿ."

"ಹಾಗಾದ್ರೆ ಇದು ಆಕ್ಷೇಪಣೆ ಅಲ್ಲ, ನಿರಾಕ್ಷೇಪಣೆ. ಅದಕ್ಕೆ ಬೇರೆ ಫಾರಂ."

ಕೌಸಲ್ಯಮ್ಮನವರು ಈಗ ತಲೆ ಎತ್ತಿದರು. "ಉಲ್ಟಾನಾ?"

"ಹೂಂ ಕಣಕ್ಕಾ. ನಿಮ್ ನವಿಲು ಹಿಂದಿಂದಕ್ಕೆ ನಡೀತದೆ."

ತೀರ್ಪುಗಾರರು ಮೂರು ವರ್ಷ ಆ ನವಿಲಿಗೆ ಬಹುಮಾನ ಕೊಟ್ಟಿದ್ದರು. ಕೌಸಲ್ಯಮ್ಮನವರು ಮೊದಲು ಕಣ್ಣೊರೆಸಿಕೊಂಡರು, ಆಮೇಲೆ ನಗು ತಡೆಯಲಾಗದೆ ಕುರ್ಚಿ ಹಿಡಿದುಕೊಂಡರು. "ನಂಗೆ ಆ ಕಾಲು ಕೈಗೆ ಹತ್ತಲೇ ಇಲ್ಲ ಕಣ್ರೀ. ಕೇಳೋಕೆ ನಾಚಿಕೆ. ಒಂದ್ಸಲ ತೋರಿಸ್ತೀರಾ?"

ಇಬ್ಬರೂ ಕಚೇರಿಯ ನೆಲದ ಮೇಲೆ ಕೂತರು. ಸೀಮೆಸುಣ್ಣದ ಗೆರೆ ಮೇಜಿನಡಿಗೆ ಹರಿದಾಗ ಅನಂತರಾಮಯ್ಯನವರು ಕಾಲು ಮೇಲೆತ್ತಿಕೊಂಡು ಟಿಪ್ಪಣಿ ಬರೆದರು: "ಸದರಿಯವರು ಈಗ ಅರವತ್ತನಾಲ್ಕನೇ ಬಾರಿ ನೋಡುತ್ತಿದ್ದು, ಇದಕ್ಕೆ ಪ್ರತ್ಯೇಕ ಅರ್ಜಿ ಸಲ್ಲಿಸತಕ್ಕದ್ದು."

ಕೌಸಲ್ಯಮ್ಮನವರು ರಾಜೀನಾಮೆ ಪತ್ರವನ್ನು ಮಡಿಸಿ ಅದರಲ್ಲೇ ಕೈಯ ಸುಣ್ಣ ಒರೆಸಿಕೊಂಡರು.

ವಾರದೊಳಗೆ ಆದೇಶ ಹೊರಬಿತ್ತು: ಕೌಸಲ್ಯಮ್ಮನವರು ನವಿಲನ್ನು ಅರವತ್ತಮೂರು ಬಾರಿ ನೋಡಿರುವುದು ಯಾರಿಗೂ ಗೊತ್ತಿಲ್ಲವೆಂದು ಈ ಮೂಲಕ ಘೋಷಿಸಲಾಗಿದೆ, ಪ್ರತಿಗಳನ್ನು ಎಲ್ಲ ಸದಸ್ಯರ ಮಾಹಿತಿಗಾಗಿ ಕಳುಹಿಸಿದೆ. ಸದಸ್ಯರೆಲ್ಲ ಓದಿ, ಗೊತ್ತಿಲ್ಲವೆಂದು ಸಹಿ ಮಾಡಿದರು. ಕುಕೀಗಳನ್ನು ಭೂಮಿಕಾ ಮೊದಲ ಸಭೆಯ ಸಂಜೆಯೇ ತೆಗೆದುಹಾಕಿದ್ದಳು. ಆ ಬಗ್ಗೆ ಅವಳು ಕೊಟ್ಟ ಪತ್ರ ಪರಿಶೀಲನೆಯಲ್ಲಿದೆ. ಸೈಟನ್ನು ಈಗ ಯಾರೂ ತೆರೆಯುತ್ತಿಲ್ಲ. ನೋಡಬೇಕಾದ್ದೆಲ್ಲ ಬಸ್ ನಿಲ್ದಾಣದ ಗೋಡೆಯ ಮೇಲೇ ಸಿಗುತ್ತದೆ.

ಅರ್ಜಿಗಳು ಹೆಚ್ಚಿವೆ. ಕುಣಿಗಲ್ಲಿನ ತಿಪ್ಪಮ್ಮ ಮೊನ್ನೆ ಕಚೇರಿಗೇ ಬಂದು ಜೋರು ಮಾಡಿದರು.

"ಎರಡು ತಿಂಗಳಾಯ್ತು ಅರ್ಜಿ ಕೊಟ್ಟು, ಇನ್ನೂ ಗೋಡೆಗೆ ಅಂಟ್ಸಿಲ್ಲ. ನಂದೇನು ಗುಟ್ಟಲ್ವಾ?"

"ಸೀನಿಯಾರಿಟಿ ಪ್ರಕಾರ ಬರುತ್ತಮ್ಮಾ. ಸಾಕ್ಷಿ ಸಹಿ ಬೇರೆ ಬಿಟ್ಟುಹೋಗಿದೆ."

ತಿಪ್ಪಮ್ಮ ಬಸ್ ನಿಲ್ದಾಣಕ್ಕೆ ಹೋಗಿ, ಕುಣಿಗಲ್ ಬಸ್ಸಿಗೆ ಕಾಯುತ್ತಿದ್ದವರನ್ನು ಉದ್ದೇಶಿಸಿ, ತಮ್ಮ ಮನೆ ಮುಂದಿರುವುದು ರಂಗೋಲಿಯಲ್ಲ, ಸ್ಟಿಕ್ಕರ್ ಎಂದು ತಿಳಿಸಿದರು. ಯಾರಿಗೂ ಹೇಳುವುದಿಲ್ಲವೆಂದು ಎಲ್ಲರೂ ಮಾತು ಕೊಟ್ಟರು. ಎರಡನೇ ಸಾಕ್ಷಿಯಾಗಿ ಕಂಡಕ್ಟರ್ ಸಹಿ ಹಾಕಿದ ಮೇಲೆ ಬಸ್ ಹೊರಟಿತು.