ಎರವಲು ಮಕ್ಕಳು

ತಾನು ಖಾಲಿ ಕೋಣೆಗೆ ಪಾಠ ಮಾಡುತ್ತಿರುವ ವಿಷಯವನ್ನು ಟೀಚರಮ್ಮ ಡೈರಿಗೆ ಬಿಟ್ಟರೆ ಯಾರಿಗೂ ಹೇಳಿರಲಿಲ್ಲ. ಡೈರಿಗೂ ಒಂದೇ ಸಾಲಿನಲ್ಲಿ ಹೇಳಿ, ನಾಚಿಕೆಯಾಗಿ, ಪುಟ ಮಗುಚಿದ್ದಳು: 'ಮಕ್ಕಳೇ ಇಲ್ಲದ ಮೇಲೆ ನಾನು ಟೀಚರ್ ಹೌದೋ ಅಲ್ಲವೋ?'

ಮಳೆ ನಿಂತು ನೆಲ ಒಣಗಿತೆಂದರೆ ಆ ಊರಿನ ಕೂಲಿಯವರೆಲ್ಲ ಲಾರಿ ಹತ್ತಿ ಇಟ್ಟಿಗೆ ಭಟ್ಟಿಗೆ ಹೋಗುತ್ತಿದ್ದರು. ಬಿಟ್ಟುಹೋದರೆ ಅನ್ನ ಹಾಕುವವರು ಯಾರು ಎಂದು ಮಕ್ಕಳನ್ನೂ ಹತ್ತಿಸಿಕೊಳ್ಳುತ್ತಿದ್ದರು. ಈ ಸಲ ಲಾರಿ ಹೊರಟಾಗ ಎರಡು ಜಡೆಯ ಹುಡುಗಿಯೊಬ್ಬಳು ಮೇಲಿನಿಂದ ಕೂಗಿದ್ದಳು: "ಮಿಸ್, ನರಿ ಪಾಠ ಮಾಡ್ಬೇಡಿ! ನಾವು ಬಂದ್ಮೇಲೆ ಮಾಡಿ!" ಅಂದಿನಿಂದ ಟೀಚರಮ್ಮ ದಿನಾ ಬೀಗ ತೆಗೆದು, ಕಪ್ಪು ಹಲಗೆಯ ಮೇಲೆ ತಾರೀಖು ಬರೆದು, ನರಿ ಪಾಠವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಗೋಡೆಗೆ ಹೇಳಿಕೊಡುತ್ತಿದ್ದಳು. ಗೋಡೆ ಬಹಳ ವಿಧೇಯ ವಿದ್ಯಾರ್ಥಿ, ಆದರೆ ಮುಂದಿನ ತರಗತಿಗೆ ಹೋಗುವ ಆಸೆಯೇ ಇದ್ದಂತಿರಲಿಲ್ಲ.

ಅಂದು ಬೆಳಗ್ಗೆ ಬೀಗ ತೆಗೆಯುತ್ತಿದ್ದಾಗಲೇ ಇಲಾಖೆಯಿಂದ ಫೋನು ಬಂತು.

"ಇವತ್ತು ಸಾಹೇಬ್ರು ಬರ್ತಿದಾರಮ್ಮ. ಮಕ್ಕಳನ್ನ ನೋಡ್ತಾರಂತೆ. ಎಲ್ಲ ಸರಿ ಇದೆ ತಾನೆ?"

"ಸರಿ ಇದೆ ಸಾರ್."

ಯಾಕೆ ಬರುತ್ತಾರೆ ಎಂದು ಕೇಳದೆಯೇ ಫೋನಿಟ್ಟಳು. ಕೇಳುವುದಾದರೂ ಏನು? ಮಕ್ಕಳು ಕಡಿಮೆಯಿರುವ ಶಾಲೆಗಳನ್ನು ಮುಚ್ಚಿ, ಹೆದ್ದಾರಿಯ ಆಚೆಗಿರುವ ದೊಡ್ಡ ಶಾಲೆಗೆ ಸೇರಿಸುತ್ತಾರೆಂಬ ಹೊಸ ನೀತಿಯ ಸುದ್ದಿ ಎಲ್ಲರ ಬಾಯಲ್ಲೂ ಇತ್ತು. ಮುಚ್ಚಿದರೆ, ಭಟ್ಟಿಯಿಂದ ವಾಪಸಾದ ಮಕ್ಕಳು ಆ ಹೆದ್ದಾರಿ ದಾಟುವುದುಂಟೇ? ಅಷ್ಟೇ ಅಲ್ಲ, ವರ್ಷವರ್ಷವೂ ಹೊಸದಾಗಿ ಆದೇಶ ಬರಬೇಕಾದ ಅವಳ ತಾತ್ಕಾಲಿಕ ಕೆಲಸಕ್ಕೂ ಅದೇ ಬೀಗ. ಮನೆಯಲ್ಲಿ ಅಮ್ಮ ಊಟಕ್ಕೆ ಕೂತಾಗಲೆಲ್ಲ "ಪರ್ಮನೆಂಟು ಯಾವಾಗ್ಲೇ?" ಎಂದು ಕೇಳುತ್ತಿದ್ದಳು, ಉಪ್ಪು ಸಾಕಾ ಎಂದು ಕೇಳಿದಷ್ಟೇ ಸಹಜವಾಗಿ.

ಟೀಚರಮ್ಮ ಶಾಲೆಯ ಅಡುಗೆಯಕ್ಕನ ಕಿವಿಯಲ್ಲಿ ವಿಷಯವನ್ನು ಪಿಸುಗುಟ್ಟಿದಳು. ಅಡುಗೆಯಕ್ಕನಿಗೂ ಪಿಸುಗುಟ್ಟಲು ಬರುತ್ತಿತ್ತು, ಆದರೆ ಆಕೆಯ ಪಿಸುಮಾತು ಪಕ್ಕದ ಬೀದಿಗೆ ಕೇಳಿಸುತ್ತಿತ್ತು. ಪಕ್ಕದ ಬೀದಿಯಲ್ಲಿದ್ದವರು ರೈಟ್ ಮಾವ.

ರೈಟ್ ಮಾವ ನಿವೃತ್ತ ಬಸ್ ಕಂಡಕ್ಟರು. ಕೆಲಸ ಬಿಟ್ಟರೂ ಜಗತ್ತೆಲ್ಲ ಅವರಿಗೆ ಬಸ್ಸಿನಂತೆಯೇ ಕಾಣುತ್ತಿತ್ತು. ಖಾಲಿ ಜಾಗ ಕಂಡರೆ ಯಾರನ್ನಾದರೂ ಕೂರಿಸದೆ ಅವರ ಕೈ ಸುಮ್ಮನಿರುತ್ತಿರಲಿಲ್ಲ.

"ಇಷ್ಟಕ್ಕೆಲ್ಲ ಅಳೋದೇನಮ್ಮ? ಗಾಡಿ ತುಂಬಿಸೋದು ನನ್ನ ಜವಾಬ್ದಾರಿ!" ಎನ್ನುತ್ತಲೇ ಅವರು ಶಾಲೆಗೆ ಬಂದರು.

"ಬೇಡ ಮಾವ, ಅದು ತಪ್ಪಲ್ವಾ..."

"ಏನಂದೆ? ಜೋರಾಗ್ ಹೇಳಮ್ಮ."

"ಏನಿಲ್ಲ ಮಾವ."

ಅವರ ಅಳಿಯ ಪೇಟೆಯ ಇಂಗ್ಲಿಷ್ ಶಾಲೆಯ ವ್ಯಾನ್ ಓಡಿಸುತ್ತಿದ್ದ. ಅಲ್ಲಿ ನೀರು ಬಂದಿಲ್ಲವೆಂದು ಅಂದು ರಜೆ ಕೊಟ್ಟು, ಮಕ್ಕಳನ್ನು ಬಾಗಿಲಿನಿಂದಲೇ ತಿರುಗಿ ಕಳಿಸಿದ್ದರು. ಮನೆ ಮುಟ್ಟಿಸುವ ಮುಂಚೆ ಒಂದು ಸ್ಟಾಪ್ ಹೆಚ್ಚಾಯಿತು, ಅಷ್ಟೆ. ವ್ಯಾನಿನ ಬಾಗಿಲು ತೆರೆಯಿತು; ಹೊಳೆಯುವ ಬೂಟುಗಳು, ಬಣ್ಣದ ನೀರಿನ ಬಾಟಲಿಗಳು, ಕೊರಳ ಟೈಗಳು ಜಡಿಮಳೆಯಂತೆ ಸುರಿದವು.

"ಒಳಗೆ ನಡೀರಿ, ಒಳಗೆ ನಡೀರಿ! ಬಾಗಿಲಲ್ಲಿ ನಿಲ್ಬೇಡಿ! ಇಬ್ಬರ ಜಾಗದಲ್ಲಿ ಮೂವರು ಕೂತ್ಕೊಳ್ಳಿ!"

ಹಿಂದಿನ ಸಾಲಿನಲ್ಲಿ ಒಂದು ಜಾಗ ಉಳಿಯಿತು. ರೈಟ್ ಮಾವನಿಗೆ ಅದನ್ನು ಸಹಿಸಲಾಗಲಿಲ್ಲ. ಕ್ಷೌರದಂಗಡಿಯವನ ಕುಳ್ಳ ತಮ್ಮನನ್ನು ಹಿಡಿದು ತಂದು, ಅಣ್ಣನ ಕೈಯಿಂದಲೇ ಮೀಸೆ ಬೋಳಿಸಿ ಕೂರಿಸಿದರು.

ಅಷ್ಟರಲ್ಲಿ ಜೀಪು ಬಂತು. ಸಾಹೇಬರು ದಣಿದ ಮುಖದ, ಮೆತ್ತಗಿನ ಮಾತಿನ ಮನುಷ್ಯ. ತುಂಬಿದ ಕೋಣೆ ನೋಡಿ ಹೊಸ್ತಿಲಲ್ಲೇ ನಿಂತುಬಿಟ್ಟರು.

"ಇಷ್ಟೊಂದು ಮಕ್ಕಳಾ! ಹಿಂದಿನ ಊರಲ್ಲಿ ಒಬ್ಬ ಮೇಷ್ಟ್ರು ನನಗೆ ತೋರಿಸೋಕೆ ಪಕ್ಕದೂರಿನ ಮಕ್ಕಳನ್ನ ತಂದು ಕೂರಿಸಿದ್ರಮ್ಮ. ನಿಂತ ಕಾಲಲ್ಲೇ ಕೆಲಸದಿಂದ ತೆಗೆದು ಬಂದೆ."

ಟೀಚರಮ್ಮನ ಕೈಯಲ್ಲಿದ್ದ ಸೀಮೆಸುಣ್ಣ ಪುಡಿಯಾಯಿತು.

"ಮಿಸ್, ಬೆಂಚ್ ಎಲ್ಲಿ?" ಮುಂದಿನ ಸಾಲಿನ ಗುಂಡು ಹುಡುಗ ಕೇಳಿದ. "ನೆಲದ ಮೇಲೆ ಕೂತ್ರೆ ಮಮ್ಮಿ ಬೈತಾರೆ."

"ದಿನಾ ಒಂದು ತಮಾಷೆ ಸಾರ್ ಇವನದು!" ಎಂದರು ರೈಟ್ ಮಾವ, ಶಾಲಾ ಸಮಿತಿಯವರ ಗತ್ತಿನಲ್ಲಿ.

ಸಾಹೇಬರು ನಗುತ್ತಾ ಹಿಂದಿನ ಸಾಲಿಗೆ ಹೋದರು. "ನೀನು ದೊಡ್ಡವನಾದ್ಮೇಲೆ ಏನಾಗ್ತೀಯಪ್ಪ?"

ಕ್ಷೌರದಂಗಡಿಯ ತಮ್ಮ ಎದ್ದು ನಿಂತು, ಇಲ್ಲದ ಮೀಸೆ ಸವರಿಕೊಂಡ. "ಹೆಣ್ಣು ಸಿಕ್ಕಿದ್ರೆ ಇದೇ ವರ್ಷ ಮದುವೆ ಆಗ್ತೀನಿ ಸಾರ್."

"ಮುಂದಾಲೋಚನೆ ಸಾರ್! ಹುಟ್ಟಿದಾಗಿಂದಲೂ ಹಾಗೇ," ಎಂದು ರೈಟ್ ಮಾವ ಅವನ ಭುಜ ಅದುಮಿ ಕೂರಿಸಿದರು.

ಸಾಹೇಬರ ಹಣೆಯ ಮೇಲೆ ಗೆರೆಯೊಂದು ಮೂಡಿತು. "ಇಲ್ಲಿ ಯಾರ ಮನೆಯವರು ಇಟ್ಟಿಗೆ ಭಟ್ಟಿಗೆ ಹೋಗ್ತಾರೆ? ಕೈ ಎತ್ತಿ ನೋಡೋಣ."

ಗುಂಡು ಹುಡುಗನ ಕೈ ಮೇಲೆದ್ದಿತು. ಟೀಚರಮ್ಮನಿಗೆ ಹೋದ ಜೀವ ಬಂದಂತಾಯಿತು.

"ನಮ್ಮಪ್ಪ ದಿನಾ ಹೋಗ್ತಾರೆ ಅಂಕಲ್. ಭಟ್ಟಿ ನಮ್ದೇ!"

ಬಂದ ಜೀವ ಹೊರಟುಹೋಯಿತು. ಆದರೆ ಸಾಹೇಬರು ಜೋರಾಗಿ ನಕ್ಕುಬಿಟ್ಟರು. ಹಣೆಯ ಗೆರೆಯೂ ಅಳಿಸಿತು. ಹೊರಗೆ ಬಂದು ಜೀಪಿನ ಬಳಿ ನಿಂತು ಟೀಚರಮ್ಮನನ್ನು ಕರೆದರು.

"ನೋಡಿಮ್ಮ, ನಾನು ಬಂದಿದ್ದು ಬೇರೆ ಕೆಲಸಕ್ಕೆ. ದುಡಿಯೋಕೆ ಹೋಗೋ ಅಪ್ಪ ಅಮ್ಮನ ಜೊತೆ ಊರು ಬಿಡೋ ಮಕ್ಕಳಿಗೆ ಸರ್ಕಾರ ಶಾಲೆಯಲ್ಲೇ ವಸತಿ ಮಾಡ್ತಿದೆ. ಊಟ, ಹಾಸಿಗೆ, ನೋಡ್ಕೊಳ್ಳೋಕೆ ಒಬ್ಬ ಆಯಾ. ಈ ಊರಿನ ಮಕ್ಕಳೆಲ್ಲ ಭಟ್ಟಿಯಲ್ಲಿದಾರೆ ಅಂತ ಯಾರೋ ಅಂದಿದ್ರು, ಮೊದಲನೇದು ಇಲ್ಲೇ ಕೊಡೋಣ ಅಂತ ಬಂದೆ. ಇಲ್ಲಿ ನೋಡಿದ್ರೆ ಭಟ್ಟಿ ಮಾಲೀಕರ ಮಗನೇ ನಿಮ್ಮ ಹತ್ರ ಓದ್ತಿದಾನೆ! ಇವರಿಗ್ಯಾಕೆ ವಸತಿ? ಮುಂದಿನ ಊರಿಗೆ ಕೊಡ್ತೀನಿ."

ಟೀಚರಮ್ಮ ಲಾರಿ ಹೋದ ದಾರಿಯ ಕಡೆ ತಿರುಗಿ ನೋಡಿದಳು.

"ನೀವು ಗಾಬರಿ ಆಗ್ಬೇಡಿ. ತಾತ್ಕಾಲಿಕವಾಗಿದ್ದೂ ಇಷ್ಟು ಚೆನ್ನಾಗಿ ನಡೆಸ್ತಿದೀರಿ. ನಿಮ್ಮನ್ನೇ ಇಲ್ಲಿ ಕಾಯಂ ಮಾಡೋಕೆ ನಾನೇ ಬರೀತೀನಿ."

ಸಾಹೇಬರ ಬೆನ್ನ ಹಿಂದೆ ರೈಟ್ ಮಾವ ಹುಬ್ಬು ಹಾರಿಸಿದರು: ನೋಡಿದೆಯಾ, ನಾನು ತುಂಬಿಸಿದ ಗಾಡಿ ಎಲ್ಲಿಗೆ ಮುಟ್ಟಿತು! ಅಡುಗೆಯಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡು, "ಇನ್ನು ನಿಮ್ಮಮ್ಮ ನಿಶ್ಚಿಂತೆಯಾಗಿ ಮಲಗ್ತಾರೆ ಬಿಡು," ಎಂದು ಪಿಸುಗುಟ್ಟಿದಳು. ಬೀದಿಯೆಲ್ಲ ಕೇಳಿಸಿಕೊಂಡಿತು.

ಸಾಹೇಬರು ಜೀಪು ಹತ್ತಿದರು. ರೈಟ್ ಮಾವ ಅಭ್ಯಾಸಬಲದಿಂದ ಜೀಪಿನ ಮೈಗೆ ಎರಡು ಸಲ ಬಡಿದು, "ರೈಟ್!" ಎಂದರು. ಜೀಪು ಹೊರಟಿತು.

ತಾನು ಓಡಿದ್ದು ಟೀಚರಮ್ಮನಿಗೇ ತಿಳಿಯಲಿಲ್ಲ. ಬ್ರೇಕು ಕಿರುಚಿದಾಗ ಅವಳು ಜೀಪಿನ ಮುಂದೆ ಎರಡೂ ಕೈ ಚಾಚಿ ನಿಂತಿದ್ದಳು. ಒಂದು ಚಪ್ಪಲಿ ಹಿಂದೆಲ್ಲೋ ಉಳಿದಿತ್ತು.

"ಏ ಟೀಚರಮ್ಮ, ಬಾಯಿ ಮುಚ್ಕೊಂಡ್ ಈ ಕಡೆ ಬಾ! ಕೆಲಸ ಹೋಗತ್ತೆ!" ಎಂದು ರೈಟ್ ಮಾವ ಕೂಗಿದರು.

ಸಾಹೇಬರು ಕಿಟಕಿಯಿಂದ ತಲೆ ಹೊರಹಾಕಿದರು. "ಏನಮ್ಮ? ಏನಾಯ್ತು?"

"ಇವರು ಯಾರೂ ನನ್ನ ಮಕ್ಕಳಲ್ಲ ಸಾರ್! ನನ್ನ ಮಕ್ಕಳೆಲ್ಲ ಭಟ್ಟಿಯಲ್ಲಿ ಇಟ್ಟಿಗೆ ಹೊರ್ತಿದಾರೆ!"