ಸಾಬಮ್ಮನ ಎಮ್ಮೆ ಮತ್ತು ನನ್ನ ಪಿಎಚ್.ಡಿ.

ನಲವತ್ತೆರಡನೆಯ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಸೇರಿದವರ ಬಗ್ಗೆ ಜನ ಎರಡು ಬಗೆಯಲ್ಲಿ ಮಾತಾಡುತ್ತಾರೆ. ಎದುರಿಗೆ ‘ಎಷ್ಟು ಉತ್ಸಾಹ ನಿಮಗೆ’ ಎನ್ನುತ್ತಾರೆ. ಹಿಂದಿನಿಂದ ‘ಮನೇಲಿ ಏನೋ ತೊಂದರೆ ಇರಬೇಕು’ ಎನ್ನುತ್ತಾರೆ. ನನ್ನ ಮನೆಯಲ್ಲಿ ಅಂಥ ತೊಂದರೆಯೇನೂ ಇರಲಿಲ್ಲ. ಪುಣೆಯ ಕಂಪನಿಗಳಲ್ಲಿ ಹದಿನೇಳು ವರ್ಷದಿಂದ ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ. ಆ ಚಟ ಮೆಲ್ಲಗೆ ಊಟದ ಮೇಜಿಗೂ ಬಂದಿತ್ತು, ಅಷ್ಟೆ. ‘ಅದನ್ನೆಲ್ಲ ಬರೆದು ಯೂನಿವರ್ಸಿಟಿಗೆ ಕೊಡು, ನನಗೂ ಸ್ವಲ್ಪ ಬಿಡುವು ಸಿಗುತ್ತೆ’ ಎಂದು ನನ್ನ ಯಜಮಾನರು ತಮಾಷೆಗೆ ಹೇಳಿದ್ದನ್ನು ನಾನು ಮನಸ್ಸಿಗೆ ಹಚ್ಚಿಕೊಂಡು ಕೆಲಸ ಬಿಡದೆಯೇ ಅರ್ಜಿ ಹಾಕಿಬಿಟ್ಟೆ. ವಿಷಯ, ಮನುಷ್ಯಕೇಂದ್ರಿತ ತಂತ್ರಜ್ಞಾನ. ಯಂತ್ರಕ್ಕೆ ತಕ್ಕ ಹಾಗೆ ಮನುಷ್ಯ ಬಗ್ಗಬಾರದು, ಮನುಷ್ಯನಿಗೆ ತಕ್ಕ ಹಾಗೆ ಯಂತ್ರವೇ ಬಗ್ಗಬೇಕು ಎನ್ನುವ ಶಾಸ್ತ್ರ ಅದು. ಕೇಳುವುದಕ್ಕೆ ಎಷ್ಟು ಸುಲಭವಾಗಿದೆ ನೋಡಿ.

ಮೊದಲು ಸಂಶೋಧನೆಯ ಯೋಜನೆಯೊಂದನ್ನು ಬರೆದು ಒಪ್ಪಿಸಬೇಕು. ಎರಡು ತಿಂಗಳು ಕೂತು ನಲವತ್ತು ಪುಟ ಬರೆದೆ. ಆರು ನಕ್ಷೆ, ಒಂದೊಂದರಲ್ಲೂ ಡಜನ್‌ಗಟ್ಟಲೆ ಬಾಣದ ಗುರುತು. ನನ್ನ ಮಾರ್ಗದರ್ಶಕರು ನಿವೃತ್ತಿಗೆ ಹತ್ತಿರವಾದ ಮರಾಠಿ ಹೆಂಗಸು, ಮಾತು ಕಡಿಮೆ. ನಲವತ್ತೂ ಪುಟ ತಿರುವಿ, ಕನ್ನಡಕ ತೆಗೆದು, ‘ಹ್ಯಾತ್ ಮಾಣೂಸ್ ಕುಠೇ ಆಹೇ?’ ಎಂದರು. ಇದರಲ್ಲಿ ಮನುಷ್ಯ ಎಲ್ಲಿದ್ದಾನೆ ಅಂತ. ನಾನು ನಕ್ಷೆಯ ನಡುವಿನ ಗುಂಡನೆಯ ವೃತ್ತವನ್ನು ತೋರಿಸಿದೆ. ಅವರು ವೃತ್ತವನ್ನೂ ನನ್ನನ್ನೂ ನೋಡಿ, ‘ಇವರ ಹೆಸರೇನು? ಬೆಳಿಗ್ಗೆ ಏನು ತಿಂದಿದ್ದಾರೆ?’ ಎಂದು ಕೇಳಿದರು. ನಾನು ನಕ್ಷೆಗಳನ್ನು ಮಡಚಿ ಚೀಲಕ್ಕೆ ಹಾಕಿಕೊಂಡೆ. ‘ಒಬ್ಬರನ್ನಾದರೂ ಸರಿಯಾಗಿ ಪರಿಚಯ ಮಾಡಿಕೊಂಡು ಬನ್ನಿ’ ಎಂದು ಕಳಿಸಿದರು.

ನಾವಿರುವುದು ಭೋಸರಿಯ ಕಾರ್ಖಾನೆಗಳಿಂದ ಸ್ವಲ್ಪ ಆಚೆ. ನಮ್ಮ ಅಪಾರ್ಟ್‌ಮೆಂಟಿನ ಕಾಂಪೌಂಡಿಗೆ ತಾಗಿ ಹನ್ನೆರಡು ಮಹಡಿಯ ಇನ್ನೊಂದು ಕಟ್ಟಡ ಏಳುತ್ತಿತ್ತು. ಒಂದು ದಿನ ಬಟ್ಟೆ ಒಣಹಾಕುತ್ತಿದ್ದಾಗ ಗೋಡೆಯಾಚೆಯಿಂದ, ‘ಔಷಧ ತಗೊಂಡ್ಯೇನವಾ? ಸುಳ್ಳ ಹೇಳಬ್ಯಾಡ, ನಿನ್ನ ದನಿ ಹೇಳತದ’ ಎಂದು ಯಾರೋ ಫೋನಿನಲ್ಲಿ ಆಡುವ ಕನ್ನಡ ತೇಲಿಬಂತು. ನನ್ನ ವೃತ್ತಕ್ಕೆ ಮನುಷ್ಯರು ಸಿಕ್ಕಿದ್ದು ಹಾಗೆ. ಆಕೆ ಸಾಬಮ್ಮ, ಶಹಾಪುರದ ಕಡೆಯವರು, ವಯಸ್ಸು ಹೆಚ್ಚುಕಡಿಮೆ ನನ್ನದೇ. ಆ ಕಟ್ಟಡದಲ್ಲಿ ಇಟ್ಟಿಗೆ ಹೊರುತ್ತಿದ್ದರು. ಗಂಡ ಲೋಣಾವಳಾದಲ್ಲಿ ಇನ್ನೊಂದು ಕಟ್ಟಡದ ಕೆಲಸದಲ್ಲಿದ್ದರು. ಮಗಳಿಗೆ ಚೊಚ್ಚಲ ಬಸಿರು. ಹೆರಿಗೆಗೆ ತವರಿಗೆ ಬರಬೇಕಿತ್ತು, ಆದರೆ ತವರೆಂದರೆ ಪುಣೆಯ ಒಂದು ತಗಡಿನ ಶೆಡ್ಡು. ಹೀಗಾಗಿ ಊರಲ್ಲಿ ಸಾಬಮ್ಮನ ತಮ್ಮನ ಮನೆಯಲ್ಲಿದ್ದಳು. ತಾಯಿ ಮಗಳ ಮಾತು, ಆರೈಕೆಯೆಲ್ಲ ಫೋನಿನಲ್ಲೇ.

ಭಾನುವಾರ ಪ್ರಶ್ನಾವಳಿ ಹಿಡಿದು ಶೆಡ್ಡಿಗೆ ಹೋದೆ. ಸಾಬಮ್ಮ ಗೋಣಿ ಝಾಡಿಸಿ ಹಾಸಿ, ಚಹಾ ಕೊಟ್ಟು, ‘ಕೇಳ್ರಿ ಅಕ್ಕೋರೆ’ ಎಂದರು. ಅವರ ಕಡೆ ಅಕ್ಕೋರು ಎಂದರೆ ಶಾಲೆಯ ಮೇಡಂ. ನನಗೆ ಒಳಗೊಳಗೇ ಸಂತೋಷವಾಯಿತು. ಶಾಲೆಗೆ ಹೋಗಿದ್ದೀರಾ ಎಂದು ಕೇಳಿದೆ. ‘ಹ್ವಾಗೀನ್ರಿ, ಆರು ವರ್ಷ’ ಎಂದರು. ಹೌದು ಎಂಬಲ್ಲಿ ಗುರುತು ಹಾಕಿದೆ. ನಿಮ್ಮ ಫೋನಿನ ಬಗ್ಗೆ ಒಂದರಿಂದ ಐದರೊಳಗೆ ಎಷ್ಟು ಸಮಾಧಾನ ಇದೆ ಎಂದು ಕೇಳಿದೆ. ‘ನಿಮಗ ಎಷ್ಟು ಬೇಕೋ ಅಷ್ಟು ಹಾಕ್ಕೋರಿ, ನಾ ಏನೂ ಅನ್ನಂಗಿಲ್ಲ’ ಎಂದರು. ಫೋನ್ ನಿಧಾನವಾಗಿದೆ ಎಂಬ ಒಂದು ದೂರು ಮಾತ್ರ ಇತ್ತು. ನನ್ನ ಕೈ ತುರಿಸಿತು. ಬೇಡದ್ದನ್ನು ಅಳಿಸಲೇ ಎಂದೆ. ‘ಬ್ಯಾಡಾದ್ದು ಇದ್ರ ಅಳಸ್ರಿ’ ಎಂದು ಆಕೆ ರೊಟ್ಟಿ ಬಡಿಯಲು ಎದ್ದರು.

ತೆರೆದು ನೋಡಿದರೆ ಏನೇನೋ ಫೋಟೋಗಳು. ಒಣಮೆಣಸಿನಕಾಯಿ, ಬಸ್ಸಿನ ಗಾಲಿ, ಒಂಟಿ ಚಪ್ಪಲಿ, ಒಂದು ಎಮ್ಮೆ. ಅವೇ ಚಿತ್ರಗಳು ಜನರ ನಂಬರಿನ ಪಕ್ಕದಲ್ಲೂ ಅಂಟಿಕೊಂಡಿದ್ದವು. ಯಾರದೋ ಮಕ್ಕಳ ಕಿತಾಪತಿ ಎಂದುಕೊಂಡು ಇಪ್ಪತ್ತಮೂರನ್ನೂ ತೆಗೆದುಹಾಕಿದೆ. ಅಂಗಡಿಯವನು ಇಂಗ್ಲಿಷಿನಲ್ಲಿ ಹಾಕಿಕೊಟ್ಟಿದ್ದ ಹೆಸರುಗಳನ್ನು ಕನ್ನಡಾಭಿಮಾನದಿಂದ ಕನ್ನಡಕ್ಕೂ ತಿರುಗಿಸಿದೆ. ಫೋನ್ ಚುರುಕಾಯಿತು. ಬಿಸಿ ರೊಟ್ಟಿ, ಪುಂಡಿಪಲ್ಯ ತಿಂದು, ಲೋಕಕ್ಕೆ ಉಪಕಾರ ಮಾಡಿದವಳ ನಡಿಗೆಯಲ್ಲಿ ಮನೆಗೆ ಬಂದೆ.

ಮಂಗಳವಾರ ಬೆಳಿಗ್ಗೆ ಒಂಬತ್ತಕ್ಕೆ ಸಾಬಮ್ಮ ನಮ್ಮ ಗೇಟಿನಲ್ಲಿ ನಿಂತಿದ್ದರು. ಕೈಯಲ್ಲಿ ಫೋನು.

‘ಅಕ್ಕೋರೆ, ನನ್ನ ಎಮ್ಮಿ ಎಲ್ಲಿ ಹ್ವಾತು?’

ನನಗೆ ಅರ್ಥವಾಗಲಿಲ್ಲ. ‘ಯಾವ ಎಮ್ಮೆ?’

‘ನನ್ನ ತಮ್ಮರಿ. ಅವಂದು ಎಮ್ಮಿ. ಗಂಡಂದು ಚಪ್ಪಲ್, ಮುಕಾದಮಂದು ಮೆಣಸಿನಕಾಯಿ. ಮುಂಜಾನಿಂದ ಯಾರೋ ಫೋನ್ ಹಚ್ಚಲಿಕ್ಕತ್ತಾರ, ಯಾರಂತ ಗೊತ್ತಾಗವಲ್ದು. ಗುರ್ತಿಲ್ಲದ ಫೋನ್ ಎತ್ತಬ್ಯಾಡ ಅಂತ ಎಲ್ಲಾರೂ ಹೇಳ್ಯಾರ. ಎತ್ತಲಿಲ್ಲ.’

‘ಹೆಸರು ಬರೆದಿದ್ದೀನಲ್ಲ, ಕನ್ನಡದಲ್ಲಿ’ ಎಂದೆ. ‘ನೀವು ಶಾಲೆಗೆ ಹೋಗಿದ್ದೆ ಅಂದ್ರಲ್ಲ.’

‘ಹ್ವಾಗಿದ್ನಲ್ರಿ, ಬಿಸಿಯೂಟದ ಅಡಿಗಿ ಮಾಡಾಕ.’

ಫೋನ್ ಇಸಿದುಕೊಂಡು ನೋಡಿದೆ. ‘ತಮ್ಮ’ ಎಂದು ನಾನೇ ಅಚ್ಚುಕಟ್ಟಾಗಿ ಬರೆದಿದ್ದ ಹೆಸರಿನಿಂದ ಐದು ಕರೆ ಬಂದು ಹೋಗಿದ್ದವು. ಕೂಡಲೇ ಹಚ್ಚಿಕೊಟ್ಟೆ. ನಸುಕಿನಲ್ಲಿ ಮಗಳಿಗೆ ನೋವು ಶುರುವಾಗಿ ಆಸ್ಪತ್ರೆಗೆ ಸೇರಿಸಿದ್ದರಂತೆ. ಅವ್ವ ಎಲ್ಲಿ ಅಂತ ಕೇಳುತ್ತಿದ್ದಾಳಂತೆ. ಸಾಬಮ್ಮ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ‘ನಾ ಹ್ವಾಗಬೇಕ್ರಿ’ ಎಂದರು, ಅಷ್ಟೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಆಫೀಸಿಗೆ ಹುಷಾರಿಲ್ಲ ಎಂದು ಬರೆದು (ಸುಳ್ಳೇನಲ್ಲ), ಶೆಡ್ಡಿನಿಂದ ಗಂಟು ತಂದ ಆಕೆಯನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಸ್ವಾರಗೇಟ್ ಬಸ್‌ಸ್ಟ್ಯಾಂಡಿಗೆ ಹೊರಟೆ. ದಾರಿಯುದ್ದಕ್ಕೂ ಆಕೆಯ ಕೈ ನನ್ನ ಹೆಗಲ ಮೇಲಿತ್ತು. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಆ ಕೈ ‘ನಡೀರಿ’ ಎನ್ನುವಂತೆ ಹೆಗಲನ್ನು ತಟ್ಟುತ್ತಿತ್ತು.

ಸೋಲಾಪುರದ ಕಡೆಯ ಬಸ್ಸಿಗೆ ಮುಕ್ಕಾಲು ಗಂಟೆ ಇತ್ತು. ಬೆಂಚಿನ ಮೇಲೆ ಕೂತು ಇಬ್ಬರೂ ಚಿತ್ರಗಳನ್ನು ಮತ್ತೆ ಕೂಡಿಸತೊಡಗಿದೆವು. ನಾನು ಒಂದೊಂದೇ ಹೆಸರು ಓದುವುದು, ಆಕೆ ಗುರುತು ಹೇಳುವುದು. ಗಂಡನಿಗೆ ಚಪ್ಪಲಿ ಯಾಕೆಂದರೆ, ‘ಎಲ್ಲಿ ಬಿಟ್ಟೀನಿ ಅಂತ ದಿನಾ ಕೇಳತಾನ್ರಿ.’ ಕೂಲಿಯವರನ್ನು ಗದರಿಸಿ ದುಡಿಸುವ ಮುಕಾದಮನ ಮೆಣಸಿನಕಾಯಿಗೆ ವಿವರಣೆ ಬೇಕಾಗಲಿಲ್ಲ. ಶೆಡ್ಡಿನ ಪಕ್ಕದ ಹುಡುಗಿಯೊಬ್ಬಳು ನಂಬರಿಗೆ ಚಿತ್ರ ಹಚ್ಚುವುದನ್ನು ಒಮ್ಮೆ ತೋರಿಸಿಕೊಟ್ಟಿದ್ದಳಂತೆ. ಮುಂದಿನದೆಲ್ಲ ಸಾಬಮ್ಮ ತಾವೇ ಯೋಚಿಸಿ, ತಾವೇ ಫೋಟೋ ಹೊಡೆದು ಹಚ್ಚಿದ್ದು. ಯಂತ್ರವನ್ನು ತಮಗೆ ಬೇಕಾದಂತೆ ಬಗ್ಗಿಸಿ ಇಟ್ಟುಕೊಂಡಿದ್ದರು. ನಾನು ಅರ್ಧ ಗಂಟೆಯಲ್ಲಿ ಅದನ್ನು ನೆಟ್ಟಗೆ ಮಾಡಿಬಿಟ್ಟಿದ್ದೆ.

ಎಲ್ಲಕ್ಕಿಂತ ಮೊದಲು ಬೇಕಾದದ್ದು ಎಮ್ಮೆ. ಸ್ವಾರಗೇಟಿನಲ್ಲಿ ಎಮ್ಮೆ ಎಲ್ಲಿಂದ ತರಲಿ? ಇಂಟರ್‌ನೆಟ್ಟಿನಿಂದ ಒಂದನ್ನು ತೆಗೆದು ತೋರಿಸಿದೆ. ‘ಇದು ಭಾಳ ಶಾಣ್ಯಾ ಕಾಣತದ, ನನ್ನ ತಮ್ಮ ಹಂಗಿಲ್ಲ’ ಎಂದು ಬೇಡವೆಂದರು. ಆ ಹೊತ್ತಿನಲ್ಲೂ ಇಬ್ಬರಿಗೂ ನಗು ಬಂತು. ಕೊನೆಗೆ ರಸ್ತೆಯಾಚೆಯ ಡೇರಿ ಅಂಗಡಿಯ ಫಲಕದಲ್ಲಿ ಒಂದು ಎಮ್ಮೆ ಕಾಣಿಸಿತು. ಕೋಡು ಡೊಂಕು, ಮುಖದಲ್ಲಿ ಪೆಚ್ಚು ಕಳೆ. ‘ಇವನೇ’ ಎಂದರು ಸಾಬಮ್ಮ. ರಿಕ್ಷಾಗಳ ನಡುವೆ ನಿಂತು ಫೋಟೋ ಹೊಡೆದು ತಂದು ಹಚ್ಚಿಕೊಟ್ಟೆ. ಬಸ್ಸು ಬಂದು ನಿಂತು, ಆಕೆ ಗಂಟು ಹೆಗಲಿಗೇರಿಸುವಾಗ ಫೋನ್ ಅಲುಗಿತು. ಎಮ್ಮೆ. ಈ ಸಲ ತಕ್ಷಣ ಎತ್ತಿದರು. ಕೇಳಿಸಿಕೊಂಡರು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ‘ಹೆಣ್ಣ ಕೂಸು. ಇಬ್ರೂ ಆರಾಮ ಅದಾರಂತ್ರಿ’ ಎಂದು ನನ್ನ ಗಲ್ಲ ಸವರಿ ಬಸ್ಸು ಹತ್ತಿದರು.

ಮಗಳ ಹತ್ತಿರ ಒಂದೂವರೆ ತಿಂಗಳು ಇದ್ದು ಬಂದರು. ಅಷ್ಟರಲ್ಲಿ ನಾನು ನಲವತ್ತು ಪುಟವನ್ನೂ ಪಕ್ಕಕ್ಕಿಟ್ಟು, ಹೊಸದಾಗಿ ಹದಿನೈದು ಬರೆದಿದ್ದೆ. ಅದಕ್ಕೆ ಸಾಬಮ್ಮನ ಒಪ್ಪಿಗೆ ಬೇಕಿತ್ತು. ಗೋಣಿಯ ಮೇಲೆ ಕೂತು ಇಂಗ್ಲಿಷಿನಲ್ಲಿ ಬರೆದದ್ದನ್ನು ಓದಿ, ಕನ್ನಡದಲ್ಲಿ ಹೇಳಿದೆ. ನಿಯಮದಂತೆ ಅವರ ಹೆಸರು ಹಾಕಿರಲಿಲ್ಲ. ‘ಭಾಗಿ ಒಂದು’ ಎಂದಿತ್ತು.

‘ಯಾರ್ರಿ ಅಕಿ?’

‘ನೀವೇ. ಹೆಸರು ಗುಟ್ಟಾಗಿಡಬೇಕು ಅಂತ ನಿಯಮ.’

‘ನಾ ಏನ್ ಕಳುವು ಮಾಡೀನೇನು? ಉಪಾಯ ನಂದು. ಹೆಸರ ಹಾಕ್ರಿ.’

ಯೂನಿವರ್ಸಿಟಿಯ ಸಮಿತಿಯನ್ನು ಕೇಳುತ್ತೇನೆ ಎಂದು ಮುಂದೆ ಓದಿದೆ. ‘ಈ ಹಂತದಲ್ಲಿ ಇಪ್ಪತ್ತಮೂರು ಚಿತ್ರಗಳು ಅಳಿಸಿಹೋದವು.’

ಸಾಬಮ್ಮ ಕೈ ಅಡ್ಡ ಹಿಡಿದರು. ‘ಅಳಿಸಿಹ್ವಾದ್ವಾ? ತಾವಾ ಹ್ವಾದ್ವೇನ್ರಿ?’

‘ಅಂದರೆ... ನಾನು ಅಳಿಸಿದೆ.’

‘ಹಂಗಾರ ಹಂಗ ಬರೀರಿ’ ಎಂದು, ಅಲ್ಲೇ ತಿದ್ದಿಸಿ, ಆಮೇಲೆ ಹೆಬ್ಬೆಟ್ಟು ಒತ್ತಿದರು.

ಯೋಜನೆ ಕಳೆದ ತಿಂಗಳು ಒಪ್ಪಿಗೆಯಾಯಿತು. ಆಕೆಯೇ ಕೇಳಿಕೊಂಡಿದ್ದರಿಂದ ಸಾಬಮ್ಮನ ಹೆಸರಿಗೆ ಸಮಿತಿಯವರು ಅಡ್ಡಿ ಮಾಡಲಿಲ್ಲ. ಆದರೆ ‘ಸಾಬಮ್ಮನವರ ಇಪ್ಪತ್ತಮೂರು ಚಿತ್ರಗಳನ್ನು ನಾನು ಅಳಿಸಿದೆ’ ಎಂಬ ವಾಕ್ಯ ಸಂಶೋಧನೆಯ ಭಾಷೆಗೆ ಸ್ವಲ್ಪ ಒರಟಾಯಿತು, ಸೌಮ್ಯ ಮಾಡಬಹುದಲ್ಲ ಎಂದು ಒಬ್ಬರು ಸೂಚಿಸಿದರು. ಮಾಡಬಹುದು, ನನಗೇನೂ ಬೇಸರವಿಲ್ಲ. ನಿಜ ಹೇಳಬೇಕೆಂದರೆ ಆಸೆಯೂ ಇದೆ. ಆದರೆ ಮುದ್ರಿಸಿದ ಪ್ರತಿಯನ್ನು ಸಾಬಮ್ಮ ಇಟ್ಟುಕೊಂಡಿದ್ದಾರೆ. ಆ ಪುಟಕ್ಕೆ ಗುರುತಾಗಿ ಮೂಲೆಯಲ್ಲಿ ಒಂದು ಅರಿಶಿನದ ಬೊಟ್ಟು ಇಟ್ಟಿದ್ದಾರೆ. ಇಂಗ್ಲಿಷೂ ಕನ್ನಡವೂ ಬಲ್ಲವರು ಯಾರು ಬಂದರೂ ಅದನ್ನೇ ತೆಗೆದು ಓದಿಸಿ ಕೇಳುತ್ತಾರಂತೆ.