ಅರವತ್ನಾಲ್ಕು ಚೌಕದ ಬಿಸಿ ಕ್ಯಾಮೆರಾ

ಶಿರಸಿಯಲ್ಲಿ ಮಿಕ್ಸರ್, ಮೋಟರ್ ರಿಪೇರಿ ಮಾಡುವವನ ಹಣೆಬರಹವೇ ಇಷ್ಟು. ಸರಿ ಮಾಡಿದ್ದು ಯಾರಿಗೂ ನೆನಪಿರುವುದಿಲ್ಲ, ಸುಟ್ಟದ್ದನ್ನು ಯಾರೂ ಮರೆಯುವುದಿಲ್ಲ. ದಾಸನಕೊಪ್ಪದ ಹಿಟ್ಟಿನ ಗಿರಣಿಯ ಸ್ಟಾರ್ಟರ್ ನನ್ನ ಕೈಯಲ್ಲಿ ಎರಡು ಸಲ ರಿಪೇರಿಯಾಗಿ, ಎರಡು ಸಲವೂ ಸುಟ್ಟಿತ್ತು. ಗಿರಣಿಯಮ್ಮ ಫೋನ್ ಮಾಡಿದರು.

"ಇನ್ನೊಮ್ಮೆ ಸುಟ್ರ ನಿಮ್ಮ ಹೆಸರು ಹಿಟ್ಟಿನ ಜೊತಿ ಮನಿ ಮನಿಗೆ ಹೋಗ್ತೈತಿ ನೋಡ್ರಿ!"

ಕೆಂಪು ಗುಡ್ಡೆ

ಎಲ್ಲಿ ಬಿಸಿಯಾಗುತ್ತಿದೆ ಎಂದು ಕಣ್ಣಿಗೆ ಕಂಡರೆ ಮರ್ಯಾದೆ ಉಳಿದೀತು ಅನ್ನಿಸಿತು. ಸಣ್ಣಪುಟ್ಟ ಸರ್ಕ್ಯೂಟ್ ಜೋಡಿಸುವ ಹುಚ್ಚು ನನಗೆ ಮೊದಲಿಂದ ಇದೆ. ಬಿಸಿಯನ್ನು ಕೆಂಪಾಗಿ, ತಂಪನ್ನು ನೀಲಿಯಾಗಿ ತೋರಿಸುವ ಥರ್ಮಲ್ ಕ್ಯಾಮೆರಾ ಮಾಡ್ಯೂಲ್ ತರಿಸೋಣ ಎಂದು ವಾರವಿಡೀ ಫೋನ್ ಉಜ್ಜಿದೆ. ಒಳ್ಳೆಯದರ ಬೆಲೆಗೆ ಬೈಕೇ ಬರುತ್ತಿತ್ತು. ನಡುವಿನದರಲ್ಲಿ ಚಿತ್ರಕ್ಕೆ ಏಳ್ನೂರ ಅರವತ್ತೆಂಟು ಚೌಕ, ಅಗ್ಗದ್ದರಲ್ಲಿ ಬರೀ ಅರವತ್ನಾಲ್ಕು. ಜೀವಮಾನವಿಡೀ ಅಗ್ಗದ್ದನ್ನೇ ತಂದವನು, ಈಗೇಕೆ ನೇಮ ತಪ್ಪಿಸಲಿ?

ಜೋಡಿಸಿ ಹೆಂಡತಿಯ ಕಡೆ ಹಿಡಿದೆ. ಪುಟ್ಟ ಪರದೆಯಲ್ಲಿ ಸುತ್ತ ನೀಲಿ ಚೌಕ, ನಡುವೆ ಕೆಂಪು ಗುಡ್ಡೆ.

"ಎಂತ ಅದು, ಕೆಂಪಿಂದು?"

"ನೀನೇ."

"ಆನಾ? ಇಷ್ಟು ದಪ್ಪವಾ? ವಾಪಸ್ ಕಳ್ಸು ಅದ್ನ!"

ಗಾಜು

ಗಿರಣಿಯಲ್ಲಿ ಹಿಟ್ಟಿನ ಧೂಳು ಜಾಸ್ತಿ. ಕ್ಯಾಮೆರಾ ಕೆಡದಿರಲಿ ಎಂದು ಮುಂದೊಂದು ಗಾಜು ಕೂರಿಸಿದೆ. ಅಲ್ಲಿಗೆ ಮುಗಿಯಿತು. ಕಾದ ಸೋಲ್ಡರಿಂಗ್ ಕಡ್ಡಿ ಹಿಡಿದರೂ ಪೂರ್ತಿ ನೀಲಿ. ಎರಡು ದಿನ ಬೆಸುಗೆ ಬಿಚ್ಚಿದ್ದೇ ಬಿಚ್ಚಿದ್ದು, ಹಾಕಿದ್ದೇ ಹಾಕಿದ್ದು. ಸಾಕೋ ಸಾಕಾಯಿತು. ಆಮೇಲೆ ಓದಿದರೆ, ಕ್ಯಾಮೆರಾ ನೋಡುವ ಬಿಸಿಯ ಕಿರಣ ಗಾಜನ್ನು ದಾಟುವುದೇ ಇಲ್ಲವಂತೆ! ಗಾಜು ತೆಗೆದು, ತರಕಾರಿ ತಂದ ತೆಳ್ಳನೆ ಪ್ಲಾಸ್ಟಿಕ್ ಚೀಲ ಕತ್ತರಿಸಿ ಹಚ್ಚಿದೆ, ಕಾಣಿಸಿತು.

ಚಹಾಕ್ಕೆ ಬಂದ ಪಕ್ಕದ ಗ್ಯಾರೇಜಿನ ಸಾಬರು ಎಲ್ಲಾ ಕೇಳಿ ತಲೆಯಾಡಿಸಿದರು.

"ಕನ್ನಡಕ ಹಾಕ್ಕೊಂಡ ಮೇಲೆ ಕಣ್ಣು ಹೋಗಿದ್ದು ಇದಕ್ಕೊಂದೇ, ಭಾಯಿ."

ಫಾಲ್ಟ್

ಗಿರಣಿಗೆ ಹೋದೆ. ಹಿಟ್ಟಿಗೆ ಬಂದ ಏಳೆಂಟು ಜನ ತಮಾಷೆ ನೋಡಲು ನಿಂತರು. ಮೋಟರ್ ಓಡಿಸಿ, ಕತ್ತಲೆ ಮೂಲೆಯ ಸ್ಟಾರ್ಟರ್ ಡಬ್ಬಿಯ ಕಡೆ ಕ್ಯಾಮೆರಾ ಹಿಡಿದೆ. ನನ್ನ ಕಣ್ಣೆಲ್ಲ ಪರದೆಯ ಮೇಲೆ. ಡಬ್ಬಿಯ ಮೇಲ್ಗಡೆ ಕೆಂಪೋ ಕೆಂಪು!

"ಸಿಕ್ಕಿತು! ಫಾಲ್ಟ್ ಇಲ್ಲೇ ಇದೆ!" ಎಂದು ಕೂಗಿದೆ.

ಫಾಲ್ಟ್ ಎದ್ದು, ಮೈಮುರಿದು, ಕೆಳಗೆ ಹಾರಿ ಹೊರಗೆ ಹೋಯಿತು. ಗಿರಣಿಯ ಬೆಕ್ಕು! ಜನ ಬಿದ್ದು ಬಿದ್ದು ನಕ್ಕರು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅದನ್ಯಾಕ ಎಬ್ಬಿಸಿದ್ರಿ? ಮೊದ್ಲ ಹಿಂದ ಮನ್ಯಾಗ ಒಲಿ ಕಡೆ ಮಲಗ್ತಿತ್ತು," ಅಂದರು ಗಿರಣಿಯಮ್ಮ. "ಈ ಡಬ್ಬಿ ಸುಡಾಕ ಹತ್ತಿದಾಗಿಂದ ಅಲ್ಲಿಂದ ಏಳವಲ್ದು."

ಮೇನ್ ಸ್ವಿಚ್ ಆಫ್ ಮಾಡಿ ಡಬ್ಬಿ ಬಿಚ್ಚಿದೆ. ಬೆಕ್ಕು ಮಲಗಿದ್ದ ಜಾಗಕ್ಕೆ ಸರಿಯಾಗಿ ಕೆಳಗೆ ತಂತಿಯ ಸ್ಕ್ರೂ ಸಡಿಲಾಗಿ ಕಪ್ಪಗಾಗಿತ್ತು. ಎರಡು ಸಲವೂ ನಾನು ಅದನ್ನು ಮುಟ್ಟಿರಲೇ ಇಲ್ಲ. ಕೆರೆದು, ಬಿಗಿ ಮಾಡಿ, ಮತ್ತೆ ಓಡಿಸಿದೆ. ಸಂಜೆ ಬೆಕ್ಕು ಬಂದು ಡಬ್ಬಿ ಹತ್ತಿ, ಮೂಸಿ ನೋಡಿ, ಇಳಿದು ಒಲೆಯ ಕಡೆ ಹೋಯಿತು.

"ಈಗ ಖರೇ ರಿಪೇರಿ ಆತು," ಅಂದರು ಗಿರಣಿಯಮ್ಮ. ನನ್ನ ಪರದೆಯ ಕಡೆ ತಿರುಗಿಯೂ ನೋಡಲಿಲ್ಲ.

ಸ್ಟಾರ್ಟರ್ ಮತ್ತೆ ಸುಡಲಿಲ್ಲ. ಆದರೂ ನನ್ನ ಹೆಸರು ಹಿಟ್ಟಿನ ಜೊತೆ ಮನೆಮನೆಗೆ ಹೋಯಿತು. ಮೊನ್ನೆ ಅದೇ ಊರಿಂದ ಮೋಟರ್ ಕೆಟ್ಟಿದೆಯೆಂದು ಫೋನ್ ಬಂತು. ಎರಡು ದಿನ ಪುರುಸೊತ್ತಿಲ್ಲ ಅಂದೆ.

"ನೀವು ಬರದಿದ್ರೂ ಅಡ್ಡಿಲ್ಲ. ಆ ಬೆಕ್ಕಿಗೆ ಬರಾಕ ಹೇಳ್ರಿ."